ಮೂಸಬಾರದ ದವನ

ನನಗೆ ನೆನಪಿರುವ ಮೊದಲ ಏಟು ದವನದ ಸಲುವಾಗಿ ಬಿದ್ದದ್ದು. ಆಗ ನನಗೆ ನಾಲ್ಕೋ ಐದೋ ವರ್ಷ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಬಾಳೆನಾರಿನ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಮಾಲೆ ಕಟ್ಟುತ್ತಿದ್ದಳು. ಎರಡು ಸೇವಂತಿಗೆ, ಒಂದು ಕುಡಿ ದವನ, ಮತ್ತೆ ಎರಡು ಸೇವಂತಿಗೆ. ನಾನು ಪಕ್ಕದ ರಾಶಿಯಿಂದ ಒಂದು ಕುಡಿ ಎತ್ತಿ ಮೂಗಿಗೆ ಹಿಡಿದೆ. ಬೆನ್ನಿಗೆ ಬಿತ್ತು.

"ಮೂಸಿದ್ದು ದೇವರಿಗೆ ಏರೂದಿಲ್ಲ. ಎಂಜಲ ಆತದು," ಎಂದು ಅವ್ವ ಆ ಕುಡಿಯನ್ನು ಕಸಿದು ಅಂಗಳಕ್ಕೆ ಎಸೆದಳು. ಕೋಳಿ ಕೂಡ ಅದನ್ನು ಮೂಸಿ ನೋಡಿ ಬಿಟ್ಟು ಹೋಯಿತು. ಕೋಳಿಗೆ ಮಾತ್ರ ಯಾರೂ ಹೊಡೆಯಲಿಲ್ಲ.

ನಮ್ಮದು ಹೂ ಕಟ್ಟುವ ಮನೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ, ಬಸ್ಸು ಕೈ ಮಾಡಿದರೆ ಮಾತ್ರ ನಿಲ್ಲುವಂಥ ಊರು. ಅಪ್ಪ ಬೆಳಗಾಗುತ್ತಲೇ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಮೊದಲು ಗುಡಿಗೆ, ಆಮೇಲೆ ಮನೆ ಮನೆಗೆ ಹೂ ಕೊಟ್ಟು ಬರುತ್ತಿದ್ದ. ಮಲ್ಲಿಗೆ ಹಡಗಲಿಯಿಂದ ಬಸ್ಸಿನಲ್ಲಿ ಬರುತ್ತಿತ್ತು. ದವನ ಮಾತ್ರ ನಮ್ಮದೇ. ಮನೆಯ ಹಿಂದೆ ಬಾವಿ ನೀರಿಗೆ ಸಿಗುವ ಒಂದು ತುಂಡು ಕೆಂಪು ಹೊಲ ಇತ್ತು. ಚಳಿಗಾಲ ಕಾಲಿಡುತ್ತಿದ್ದಂತೆ ಅಲ್ಲಿ ಸಸಿ ಹಚ್ಚುತ್ತಿದ್ದರು. ಬೂದಿ ಬಣ್ಣದ ಎಳೆ ಎಲೆ, ಸಾಸಿವೆಗಿಂತ ತುಸು ದೊಡ್ಡ ಹಳದಿ ಹೂ. ನೋಡಲು ಏನೂ ಇಲ್ಲದ ಗಿಡ. ಗಾಳಿ ಬೀಸಿದಾಗ ಮಾತ್ರ ಓಣಿಯವರೆಲ್ಲ ನಮ್ಮ ಹೊಲದ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದರು.

ಅಂಥ ದವನದ ನಡುವೆ ಬದುಕಿದ ಅವ್ವ ಅದನ್ನು ಒಂದು ದಿನವೂ ಮೂಗಿಗೆ ಹಿಡಿದವಳಲ್ಲ. ಅವಳ ತವರೂ ಹೂ ಕಟ್ಟುವ ಮನೆಯೇ. ಮಾಲೆ ಕಟ್ಟುವಾಗ ಸೀನು ಬಂದರೆ ಎದ್ದು ಅಂಗಳಕ್ಕೆ ಹೋಗಿ ಸೀನಿ, ಕೈ ತೊಳೆದುಕೊಂಡು ಬರುತ್ತಿದ್ದಳು. ದವನ ಚೊಲೋ ಇದೆಯೋ ಇಲ್ಲವೋ ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರೆ, "ಬೆರಳಿಗೆ ಗೊತ್ತಾಗತೈತಿ" ಅನ್ನುತ್ತಿದ್ದಳು. ನನಗೆ ವಾದ ಮಾಡುವ ಚಟ ಚಿಕ್ಕಂದಿನಿಂದಲೂ ಇದೆ. "ಉಸಿರಾಡಿದ್ರ ವಾಸನಿ ತಾನ ಬರತೈತಲ್ಲಬೇ, ಅದು ಎಂಜಲಲ್ಲೇನು?" ಎಂದು ಒಂದು ದಿನ ಕೇಳಿದೆ.

ಅವ್ವ ನಾರು ಎಳೆದು ಗಂಟು ಬಿಗಿದಳು. "ತಾನ ಬಂದದ್ದು ದೇವರು ಕೊಟ್ಟದ್ದು. ನಾವಾಗಿ ತಗೊಂಡದ್ದು ಕಳ್ಳತನ."

ನಾನು ಎದ್ದು ಅಂಗಳಕ್ಕೆ ಹೋಗಿ, ಹೊಲದ ಕಡೆ ಮುಖ ಮಾಡಿ ಬೇಕೆಂದೇ ಜೋರಾಗಿ ಉಸಿರೆಳೆದುಕೊಂಡೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಆ ಚಳಿಗಾಲ ಹಗರಿಬೊಮ್ಮನಹಳ್ಳಿಯ ಹೂವಿನ ಅಂಗಡಿಯಲ್ಲಿ ಅಪ್ಪನಿಗೆ ಬೆಂಗಳೂರು ಕಡೆಯ ಒಬ್ಬ ಸುಗಂಧದ ವ್ಯಾಪಾರಿ ಗಂಟುಬಿದ್ದ. ದವನದಲ್ಲಿ ಎಣ್ಣೆ ಇದೆ, ಇಳಿಸಿಕೊಟ್ಟರೆ ನಾನು ಒಯ್ಯುತ್ತೇನೆ ಎಂದನಂತೆ. ಅಪ್ಪ ನಕ್ಕು, "ಎಣ್ಣಿ ಶೇಂಗಾದಾಗ ಇರತೈತ್ರಿ, ಕುಸುಬಿಯಾಗ ಇರತೈತಿ. ದವನಾನ ಗಾಣಕ್ಕ ಹಾಕಿದ್ರ ಗಾಣದ ಎತ್ತೂ ನಗತೈತಿ," ಎಂದನಂತೆ. ಆ ಮನುಷ್ಯ ಜೇಬಿನಿಂದ ಒಂದು ಸಣ್ಣ ಶೀಸೆ ತೆಗೆದು ಬಿರಡೆ ಬಿಚ್ಚಿದ. ಮನೆಗೆ ಬಂದ ಅಪ್ಪ ಆ ದಿನ ಉಣ್ಣಲು ಕೂತವನು ತುತ್ತು ಕೈಯಲ್ಲಿ ಹಿಡಿದೇ ಮಾತಾಡಿದ. "ಒಂದ ಹನಿಯಾಗ ಇಡೀ ಹೊಲ ಐತಲೇ," ಎಂದು ಅವ್ವನಿಗೆ ಮೂರು ಸಲ ಹೇಳಿದ.

ಹದಿನೈದು ದಿನದಲ್ಲಿ ಹೊಲದ ಬೇವಿನ ಮರದ ಕೆಳಗೆ ಭಟ್ಟಿ ಎದ್ದಿತು. ವೆಲ್ಡಿಂಗ್ ಅಂಗಡಿಯವನು ಮಾಡಿಕೊಟ್ಟ ಆಳೆತ್ತರದ ಡ್ರಮ್ಮು. ಅದರ ತಳದಲ್ಲಿ ನೀರು, ನೀರಿನ ಮೇಲೆ ಜಾಲರಿ, ಜಾಲರಿಯ ಮೇಲೆ ದವನ. ಕೆಳಗೆ ಉರಿ ಹಾಕಿದರೆ ಹಬೆ ದವನದೊಳಗಿಂದ ಹಾದು ಮುಚ್ಚಳದ ಕೊಳವೆಗೆ ಹೋಗಬೇಕು. ಆ ಕೊಳವೆ ತಣ್ಣೀರಿನ ತೊಟ್ಟಿಯೊಳಗೆ ಸುತ್ತು ಹಾಕಿ ಆಚೆ ಬಂದು ಒಂದು ಗಾಜಿನ ಪಾತ್ರೆಗೆ ತೊಟ್ಟಿಕ್ಕಬೇಕು. ಊರವರಿಗೆ ಗೊತ್ತಿದ್ದ ಭಟ್ಟಿ ಒಂದೇ. ಮೂರನೇ ಓಣಿಯ ಹಿರಿಯನೊಬ್ಬ ಮೊದಲ ದಿನ ಸಂಜೆ ಲೋಟ ಹಿಡಿದುಕೊಂಡೇ ಬಂದ. ಇದು ದವನದ ಎಣ್ಣೆ ಎಂದಾಗ ಲೋಟವನ್ನು ಹಿಂದೆ ಸರಿಸಿ, "ನೀರ ಕುಡಿಯಾಕ ಬಂದಿದ್ದೆ ಬಿಡ್ರಿ" ಎಂದ. ಅವ್ವ ಅವನಿಗೆ ನಿಜವಾಗಿಯೂ ಒಂದು ಲೋಟ ನೀರು ಕೊಟ್ಟು ಕುಡಿಯುವವರೆಗೂ ನಿಂತಳು.

ಮೊದಲ ಸಲ ನಾವು ಮಾಡಿದ ತಪ್ಪನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಹೂವಿನ ಮನೆಯವರು ಮಾತ್ರ ಮಾಡುವ ತಪ್ಪು ಅದು. ಕೊಯ್ದ ದವನವನ್ನು ನೆರಳಲ್ಲಿ ಹರವಿ ಎರಡು ದಿನ ಬಾಡಿಸಿ, ಆಮೇಲೆ ಡ್ರಮ್ಮಿಗೆ ತುಂಬಿ ಎಂದು ಆ ವ್ಯಾಪಾರಿ ಬಿಡಿಸಿ ಹೇಳಿದ್ದ. ಆದರೆ ನಮ್ಮ ಮನೆಯಲ್ಲಿ ಹೂ ಬಾಡಿಸುವುದೆಂದರೆ ಮನೆಮುರುಕ ಕೆಲಸ. ಬಾಡದ ಹಾಗೆ ನೋಡಿಕೊಳ್ಳುವುದೇ ಮೂರು ತಲೆಮಾರಿನ ಬದುಕು. ಅಪ್ಪ ಅವ್ವ ಇಬ್ಬರೂ ಆ ಮಾತಿಗೆ ಹೂಂಗುಟ್ಟಿದರು. ದವನ ಕೊಯ್ದು ತಂದು ಒಟ್ಟಿದ್ದೇ ತಡ, ಇಬ್ಬರ ಕೈಯೂ ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿತು. ನೀರು ಚಿಮುಕಿಸಿದರು. ಹಸಿ ಗೋಣಿಚೀಲ ಹೊದಿಸಿದರು. ಮತ್ತೆ ಮೇಲೆ ಒಂದು ತಂಬಿಗೆ ನೀರು ಚಿಮುಕಿಸಿದರು. ನಾನೂ ಅಲ್ಲೇ ಇದ್ದೆ. ಇಂಗ್ಲಿಷ್ ಒಂದು ಬಿಟ್ಟರೆ ಉಳಿದದ್ದೆಲ್ಲ ಬಲ್ಲವಳೆಂಬ ಜಂಬ ನನಗಿತ್ತು, ಆದರೂ ಬಾಯಿ ಬಿಡಲಿಲ್ಲ. ಹೂವಿಗೆ ನೀರು ಹಾಕುವುದು ತಪ್ಪಾಗಬಹುದೆಂದು ನನಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಗೋಣಿ ಎತ್ತಿದರೆ ಒಳಗಿಂದ ಬಿಸಿ ಹೊಡೆಯಿತು. ರಾಶಿಯ ನಡುವೆ ಕೈ ಇಡಲು ಆಗಲಿಲ್ಲ. ದವನ ಕಪ್ಪಾಗಿ ತಿಪ್ಪೆಯ ವಾಸನೆ ಬರುತ್ತಿತ್ತು. ಅಪ್ಪ ಆಸೆ ಬಿಡದೆ ಅದನ್ನೇ ತುಂಬಿ ಉರಿ ಹಾಕಿದ. ಸಂಜೆಯವರೆಗೆ ನೀರು ಸುರಿಯಿತು, ಅದರ ಮೇಲೆ ಎಣ್ಣೆಯ ಪೊರೆಯೊಂದು ಬಂದಿತ್ತು, ಅಷ್ಟೆ. ಅಪ್ಪ ಭಟ್ಟಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಹೊಲದಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ದವನ ನಿಂತಿತ್ತು, ಅವನಿಗೆ ಅದನ್ನು ಮುಟ್ಟಲು ಧೈರ್ಯ ಇರಲಿಲ್ಲ.

ಅವ್ವ ಅವನ ಪಕ್ಕಕ್ಕೆ ಹೋಗಿ ನಿಂತಳು. "ನಮಗ ಹೂವಾ ಉಳಿಸೂದು ಗೊತ್ತೈತ್ರಿ, ಸಾಯಿಸೂದು ಗೊತ್ತಿಲ್ಲ. ಇದಕ್ಕ ಬಾಡಬೇಕಂತ. ಬಾಡ್ಲಿ ಬಿಡ್ರಿ."

ಎರಡನೇ ಸಲ ದನದ ಕೊಟ್ಟಿಗೆ ಸಾರಿಸಿ, ಅಲ್ಲಿ ದವನ ಹರವಿದೆವು. ಅವ್ವ ಹೇಳಿದಷ್ಟು ಸುಲಭವಾಗಿ ನೋಡಲಾರದೆ ಹೋದಳು. ಎರಡು ದಿನವೂ ಕೊಟ್ಟಿಗೆಯ ಬಾಗಿಲ ಮುಂದೆ ಹಾಯದೆ, ಹಿತ್ತಲ ಸುತ್ತು ಹಾಕಿ ಬಾವಿಗೆ ಹೋಗಿ ಬಂದಳು. ಮೂರನೇ ದಿನ ಅಪ್ಪ ಬಾಡಿದ ದವನವನ್ನು ತುಂಬಿ, ಮುಚ್ಚಳದ ಸಂದಿಗೆ ಗೋಧಿ ಹಿಟ್ಟು ಮೆತ್ತಿ ಉರಿ ಹಾಕಿದ. ತಣ್ಣೀರಿನ ತೊಟ್ಟಿ ಬಿಸಿಯಾಗದಂತೆ ಬಾವಿಯಿಂದ ಕೊಡ ಹೊತ್ತು ತರುವುದು ನನ್ನ ಕೆಲಸ. ಹತ್ತನೆಯದೋ ಹನ್ನೊಂದನೆಯದೋ ಕೊಡ ಸುರಿಯುವಾಗ, "ಲೇ, ಇಲ್ಲಿ ಬಾ" ಎಂದು ಅಪ್ಪ ಕರೆದ. ಅವನ ದನಿ ಗುಡಿಯೊಳಗೆ ಮಾತಾಡುವಂತೆ ತಗ್ಗಿತ್ತು.

ಅವ್ವನೂ ಬಂದಳು, ಮೂವರೂ ಕುಕ್ಕರುಗಾಲಿನಲ್ಲಿ ಕೂತೆವು. ಗಾಜಿನ ಪಾತ್ರೆಗೆ ತಿಳಿನೀರು ಬೀಳುತ್ತಿತ್ತು. ಆ ನೀರಿನ ಮೇಲೆ ಜೇನಿನ ಬಣ್ಣದ ಒಂದು ಹನಿ ಬಂದು ನಿಂತಿತ್ತು. ಅದರ ಬದಿಗೆ ಇನ್ನೊಂದು. ಎರಡೂ ನಿಧಾನ ಹತ್ತಿರ ಬಂದು, ಒಂದಕ್ಕೊಂದು ತಾಕಿ, ಒಂದೇ ಆದವು. ನಾನು ಹುಟ್ಟಿದಾಗಿನಿಂದ ಆ ಗಿಡ ನೋಡಿದವಳು. ಅದರ ಕಳೆ ಕಿತ್ತಿದ್ದೇನೆ, ಅದಕ್ಕಾಗಿ ಏಟು ತಿಂದಿದ್ದೇನೆ. ಅದರ ಒಣಕಲು ಎಲೆಯೊಳಗೆ ಇದು ಕೂತಿತ್ತೆಂದು ನನಗೆ ನಂಬಲಾಗಲಿಲ್ಲ. ಹಿಂಡಿದರೆ ಬಾರದ್ದು, ಅರೆದರೆ ಬಾರದ್ದು, ಹಬೆಯಾಗಿ ಹೊರಟು, ಕೊಳವೆಯ ಕತ್ತಲಲ್ಲಿ ಸುತ್ತಿ, ತಣ್ಣಗಾದ ಮೇಲೆ ತಾನಾಗಿ ನೀರಿನಿಂದ ಬೇರೆಯಾಗಿ ಮೇಲೆ ಬಂದು ನಿಂತಿತ್ತು. ಅದಕ್ಕೆ ಬೇರೆಯಾಗು ಎಂದು ಯಾರು ಹೇಳಿದರು? ಬಾಯಿಬಡಕಿ ಎಂದು ಊರೆಲ್ಲ ಹೆಸರಾಗಿದ್ದ ನಾನು ಆ ಮಧ್ಯಾಹ್ನ ಖಾಲಿ ಕೊಡ ಮಗ್ಗುಲಿಗಿಟ್ಟು ಹನಿ ಎಣಿಸುತ್ತ ಕೂತೆ. ಭಯವೋ ಭಕ್ತಿಯೋ, ಮೈ ಜುಮ್ಮೆಂದದ್ದು ಮಾತ್ರ ನಿಜ.

ಒಂದು ಗಾಡಿ ದವನಕ್ಕೆ ಸಿಕ್ಕದ್ದು ಬೆರಳುದ್ದದ ಒಂದು ಶೀಸೆ ಎಣ್ಣೆ. ಅಪ್ಪ ಅದನ್ನು ಮೂಸಲು ಬಿರಡೆಗೆ ಕೈ ಹಾಕಿದ. ಅವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. "ಮೊದಲಿಂದು ಮೀಸಲ," ಎಂದಳು. ಆಕಳು ಈದಾಗ ಮೊದಲ ಹಾಲು, ಹೊಲ ಕೊಯ್ದಾಗ ಮೊದಲ ತೆನೆ ಹೇಗೋ ಹಾಗೆ ಇದೂ ದೇವರದು, ಬೇರೆಯವರು ಮುಟ್ಟುವಂತಿಲ್ಲ. ಶೀಸೆ ದೇವರ ಜಗಲಿ ಸೇರಿತು. ಆ ವರ್ಷದಿಂದ ದವನದ ಹುಣ್ಣಿಮೆಗೆ ದೇವರಿಗೆ ದವನ ಏರಿಸುವಾಗ, ಒಂದು ಕಡ್ಡಿಯ ತುದಿಯನ್ನು ಆ ಎಣ್ಣೆಗೆ ಅದ್ದಿ ದೇವರ ಪಾದಕ್ಕೆ ಮುಟ್ಟಿಸುವುದು ಅವ್ವನ ಪದ್ಧತಿಯಾಯಿತು. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಆ ಬಿರಡೆ ಯಾರೂ ಬಿಚ್ಚುವಂತಿರಲಿಲ್ಲ.

ಎರಡನೇ ಶೀಸೆ ತುಂಬಿದ ದಿನ ಅಪ್ಪ ಒಂದು ಹನಿಯನ್ನು ತನ್ನ ಮುಂಗೈಗೆ ತಿಕ್ಕಿಕೊಂಡು ಅವ್ವನ ಮೂಗಿನ ಹತ್ತಿರ ಹಿಡಿದ. ಅವ್ವ ಮುಖ ತಿರುಗಿಸಿದಳು.

"ಇದು ಹೂವಲ್ಲಲೇ. ಹೂವಾ ಡ್ರಮ್ಮಿನಾಗ ಸತ್ತು ಬಿದ್ದೈತಿ. ಇದು ನನ್ನ ಕೈ. ನನ್ನ ಕೈ ಯಾವ ದೇವರಿಗೂ ಏರೂದಿಲ್ಲ," ಎಂದ ಅಪ್ಪ.

ಅವ್ವ ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಬೇವಿನ ಮರ ನೋಡುತ್ತ ನಿಂತೆ. ಅವಳು ಆ ಮುಂಗೈಗೆ ಮೂಗು ತಾಕಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಎಳೆದುಕೊಂಡಳು. ನಲವತ್ತು ದಾಟಿದ ಹೆಂಗಸು ತನ್ನ ಜೀವಮಾನದಲ್ಲಿ ಮೊದಲ ಸಲ ಬೇಕೆಂದು ಮೂಸಿದ್ದು ಅದು. ಬಹಳ ಹೊತ್ತು ಅವಳು ತಲೆ ಎತ್ತಲಿಲ್ಲ.

ಆಮೇಲೆ ನಾವು ಕಂಡದ್ದು ಇನ್ನೂ ವಿಚಿತ್ರ. ಅಪ್ಪನ ಕೈಯಲ್ಲಿ ಆ ಎಣ್ಣೆ ಹೊಸ ಬೆಲ್ಲದ ಪಾಕದಂತೆ, ಅದರೊಳಗೆ ಕಳಿತ ಸೀತಾಫಲ ಇಟ್ಟಂತೆ ಗಮಗುಡುತ್ತಿತ್ತು. ಅದೇ ಹನಿ ಅವ್ವನ ಕೈಗೆ ಹಚ್ಚಿದರೆ ಬರೀ ಒಣಹುಲ್ಲು. ನನ್ನ ಕೈಗೆ ಹಚ್ಚಿದರೆ ಕಹಿ, ಖಾರ, ಕಷಾಯ. ಮೂರು ಸಲ ತೊಳೆದು ಮೂರು ಸಲ ಹಚ್ಚಿ ನೋಡಿದೆವು. "ನಿನ್ನ ಬಾಯಿ ಹೆಂಗೈತೋ ಹಂಗ ಐತಿ ವಾಸನಿ," ಎಂದು ಅವ್ವ ನನ್ನನ್ನು ಛೇಡಿಸಿದಳು. ನನಗೆ ಸಿಟ್ಟು ಬಂತು. ಎಣ್ಣೆ ಒಯ್ಯಲು ಬಂದ ವ್ಯಾಪಾರಿಯನ್ನು ಕೇಳಿದರೆ ಅವನಿಗೆ ಇದು ಹೊಸದಾಗಿರಲಿಲ್ಲ. "ದವನ ಹಾಗೇ ಕಣಮ್ಮ. ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ," ಎಂದ. ಹಾಗಾದರೆ ಇದರ ಸ್ವಂತ ವಾಸನೆ ಯಾವುದು ಎಂದು ನಾನು ಕೇಳಿದೆ. ಅವನು ನಕ್ಕು ಶೀಸೆಗಳನ್ನು ಹತ್ತಿಯಲ್ಲಿ ಸುತ್ತತೊಡಗಿದ.

ನಾಲ್ಕೈದು ಚಳಿಗಾಲ ಭಟ್ಟಿ ನಡೆಯಿತು. ದಿನಾ ಸ್ನಾನವಾದ ಮೇಲೆ ಅಪ್ಪ ಕಡ್ಡಿಯ ತುದಿಯಷ್ಟು ಎಣ್ಣೆಯನ್ನು ಮುಂಗೈಗೂ ಕತ್ತಿಗೂ ತಿಕ್ಕಿಕೊಂಡು, ಹೆಗಲಿಗೆ ವಲ್ಲಿ ಹಾಕಿಕೊಂಡು ಹೂವಿನ ಬುಟ್ಟಿ ಎತ್ತುತ್ತಿದ್ದ. ಅವನ ವಲ್ಲಿಯನ್ನು ಅವ್ವ ನನ್ನ ಕೈಗೆ ಕೊಡುತ್ತಿರಲಿಲ್ಲ, ತಾನೇ ಒಗೆಯುತ್ತಿದ್ದಳು. ಬಾವಿಗೆ ಒಯ್ಯುವ ಮೊದಲು ಬಾಗಿಲ ಮರೆಯಲ್ಲಿ ನಿಂತು ಒಮ್ಮೆ ಮುಖಕ್ಕೆ ಹಿಡಿಯುತ್ತಿದ್ದಳು. ಒಂದು ದಿನ ಹಿಡಿದುಬಿಟ್ಟೆ. "ತಗೊಂಡದ್ದು ಕಳ್ಳತನ ಅಂತಿದ್ದಿ?"

"ದೇವರದು ತಗೊಂಡ್ರ ಕಳ್ಳತನ," ಅಂದಳು ಅವ್ವ. "ಇದು ನಂದು."

ನನ್ನನ್ನು ಹರಪನಹಳ್ಳಿ ಕಡೆಗೆ ಕೊಟ್ಟರು. ವ್ಯಾಪಾರಿ ಬರುವುದು ಕ್ರಮೇಣ ನಿಂತಿತು, ಡ್ರಮ್ಮು ದನಗಳಿಗೆ ನೀರು ತುಂಬಿಡುವ ಕೆಲಸಕ್ಕೆ ಬಂತು. ಅಪ್ಪ ತನಗೆಂದು ಉಳಿಸಿಕೊಂಡ ಒಂದು ಶೀಸೆಯನ್ನು ಜಿಪುಣನಂತೆ ವರ್ಷಗಟ್ಟಲೆ ಬಳಸಿದ. ಅದು ಬರಿದಾದ ಚಳಿಗಾಲವೇ ಅವನೂ ಹೋದ. ಬೆಳಿಗ್ಗೆ ಹೂ ಕೊಟ್ಟು ಬಂದು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ.

ದುಃಖವಾದರೆ ಕೆಲಸಕ್ಕೆ ಬೀಳುವ ಜಾತಿ ನನ್ನದು. ಮೂರನೇ ದಿನ ಮನೆ ತೊಳೆಯಬೇಕು, ಹಾಸಿಗೆ ಬಟ್ಟೆ ಒಗೆಯಬೇಕು, ಅದು ನಮ್ಮಲ್ಲಿ ನಡೆದು ಬಂದದ್ದು. ನಾನು ಯಾರನ್ನೂ ಕೇಳದೆ ಸೀರೆ ಮೇಲೆ ಕಟ್ಟಿದೆ. ಕೌದಿ, ಚಾದರ, ಅವನ ಅಂಗಿ, ಗೂಟಕ್ಕೆ ನೇತುಹಾಕಿದ್ದ ವಲ್ಲಿ, ಸಿಕ್ಕಿದ್ದನ್ನೆಲ್ಲ ಬಾವಿಗೆ ಹೊತ್ತೊಯ್ದು ಸಾಬೂನು ಹಚ್ಚಿ ಬಂಡೆಗೆ ಬಡಿದೆ. ಅತ್ತದ್ದೂ ಅಲ್ಲೇ. ವಲ್ಲಿಗೆ ನೀಲಿ ಕೂಡ ಹಾಕಿ ಬೆಳ್ಳಗೆ ಮಾಡಿ ಹಗ್ಗಕ್ಕೆ ಹಾಕಿದೆ.

ಅವ್ವ ಹೊರಗೆ ಬಂದಳು. ಹಗ್ಗದ ಮೇಲಿನ ವಲ್ಲಿಯ ಹತ್ತಿರ ಹೋಗಿ, ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. ಮುಖಕ್ಕೆ ಹಿಡಿಯಲಿಲ್ಲ.

"ಒಗದ್ಯಾ?"

"ಹೂಂ. ಮೂರನೇ ದಿನ ಎಲ್ಲಾ ಒಗೀಬೇಕಲ್ಲಬೇ."

"ಹೌದು. ಒಗೀಬೇಕು," ಎಂದು ಒಳಗೆ ಹೋದಳು.

ನಾನೇನು ತೊಳೆದುಹಾಕಿದೆ ಎಂಬುದು ನನಗೆ ಆಗ ತಿಳಿಯಲಿಲ್ಲ. ತಿಳಿದದ್ದು ಮುಂದಿನ ದವನದ ಹುಣ್ಣಿಮೆಗೆ ಬಂದಾಗ. ಅವ್ವ ಜಗಲಿಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಮಾತಿನ ನಡುವೆ, "ಆ ವಲ್ಲಿ ಒಂದ ಒಗೀದ ಬಿಟ್ಟಿದ್ರ" ಎಂದು ಅಷ್ಟಕ್ಕೇ ನಿಲ್ಲಿಸಿದಳು. ಮೂರು ದಿನ ಅವಳು ಆ ವಲ್ಲಿಯನ್ನು ಗೂಟದಿಂದ ತೆಗೆಯದೆ ಇಟ್ಟದ್ದು ಮರೆತು ಅಲ್ಲ. ನಾಚಿಕೆಯಿಂದ ನನಗೆ ಮಾತು ಒರಟಾಗಿಯೇ ಬಂತು. "ಜಗಲಿ ಮ್ಯಾಲ ಶೀಸಿ ಐತಲ್ಲ. ತಗದು ಮೂಸು. ಯಾವ ದೇವರು ಬ್ಯಾಡ ಅಂತಾನ?"

"ಅದು ದೇವರದು." ಅವ್ವ ಸಿಟ್ಟಾಗಲಿಲ್ಲ. "ತಗದ್ರರ ಏನ ಬಂತು? ನನ್ನ ಕೈಗೆ ಹಚ್ಚಿದ್ರ ಹುಲ್ಲಿನ ವಾಸನಿ ಬರತೈತಿ. ನಿಮ್ಮಪ್ಪನ ಮೈ ಎಲ್ಲಿಂದ ತರ್ಲಿ?"

ಆಮೇಲೆ ಎಷ್ಟೋ ವರ್ಷ ನಾನು ಆ ಮಾತನ್ನು ಹೊತ್ತು ತಿರುಗಿದೆ. ಬಾವಿಯ ಬಂಡೆ ಕಂಡರೆ ಸಾಕು, ಕೈ ಹಿಸುಕಿಕೊಳ್ಳುವಂತಾಗುತ್ತಿತ್ತು. ಹರಪನಹಳ್ಳಿಯ ಸಂತೆಯಲ್ಲಿ ದವನ ಮಾರುವವಳ ಮುಂದೆ ಒಮ್ಮೆ ಸುಮ್ಮನೆ ನಿಂತುಬಿಟ್ಟಿದ್ದೆ. ತಾನು ಮಾರುವುದನ್ನು ಬಿಟ್ಟು ಅವಳು ನನಗೆ ನೀರು ಬೇಕೇನು ಎಂದು ಕೇಳಿದಳು.

ಎರಡು ಮಕ್ಕಳಾದ ಮೇಲೆ, ಒಂದು ದವನದ ಹುಣ್ಣಿಮೆಯ ಬೆಳಿಗ್ಗೆ, ನಾನು ತವರಿನಲ್ಲಿದ್ದೆ. ಅವ್ವನ ಬೆರಳುಗಳು ಆಗಲೇ ಸೆಟೆದುಕೊಂಡು ನಾರಿಗೆ ಗಂಟು ಬೀಳುತ್ತಿರಲಿಲ್ಲ, ಮಾಲೆ ಕಟ್ಟಿದ್ದು ನಾನೇ. ದೇವರಿಗೆ ದವನ ಏರಿಸುವ ಮೊದಲು ಅವಳು ಮೀಸಲು ಶೀಸೆ ಕೈಗೆ ತೆಗೆದುಕೊಂಡಳು. ವರ್ಷವಿಡೀ ಕೂತ ಬಿರಡೆ ಅಂಟಿಕೊಂಡಿತ್ತು. ತಿರುವಿ ನೋಡಿ ಸೋತು, "ಹಗೂರಕ ತಗಿ" ಎಂದು ನನ್ನ ಕೈಗೆ ಕೊಟ್ಟಳು. ಹಗುರವಾಗಿ ತೆಗೆಯುವುದು ನನ್ನ ಜಾಯಮಾನದಲ್ಲಿ ಇಲ್ಲ. ಒಂದೇ ಸಲ ಜೋರು ಮಾಡಿದೆ. ಬಿರಡೆ ಚಿಮ್ಮಿತು, ಶೀಸೆ ಕೈಯಲ್ಲಿ ಹೊರಳಿತು, ದಪ್ಪಗಾಗಿದ್ದ ಎಣ್ಣೆ ನನ್ನ ಬಲ ಮುಂಗೈ ಮೇಲೆ ಇಳಿಯಿತು.

ದೇವರಿಗೆ ಮುಟ್ಟುವ ಮೊದಲೇ ಮೀಸಲು ನನ್ನ ಮೈಗೆ ಮುಟ್ಟಿತ್ತು. ಶೀಸೆ ನೆಟ್ಟಗೆ ಮಾಡಿ ಕೆಳಗಿಟ್ಟೆ, ತಳದಲ್ಲಿ ತುಸು ಉಳಿದಿತ್ತು. ನನಗೆ ಮೂವತ್ತು ದಾಟಿತ್ತು, ಆದರೂ ಬೆನ್ನಿಗೆ ಏಟು ಬೀಳುತ್ತದೆಂದು ಕಾದೆ. ಸೆರಗಿನಿಂದ ಒರೆಸಿಕೊಳ್ಳಲು ಹೋದೆ, ಅಷ್ಟರಲ್ಲಿ ಕೋಣೆಯ ಗಾಳಿಯೇ ಬೇರೆಯಾಯಿತು.

ಬೆಲ್ಲದ ಪಾಕ. ಅದರೊಳಗೆ ಕಳಿತ ಸೀತಾಫಲ.

ಹದಿನೇಳನೇ ವಯಸ್ಸಿನಲ್ಲಿ ಇದೇ ಕೈಯಲ್ಲಿ ಕಷಾಯ ನಾರಿದ ಎಣ್ಣೆ. ಶೀಸೆಯೊಳಗೆ ಇಷ್ಟು ವರ್ಷ ಕೂತು ಎಣ್ಣೆ ಹಣ್ಣಾಗಿತ್ತೋ, ಎರಡು ಹೆರಿಗೆ ಕಂಡ ನನ್ನ ಮೈ ಬದಲಾಗಿತ್ತೋ, ನನಗೆ ಗೊತ್ತಿಲ್ಲ. ಮುಖ ಮೂಗು ಎಲ್ಲಾ ಅವ್ವನದೇ ಎಂದು ಊರವರು ಹೇಳುತ್ತಿದ್ದ ನನ್ನ ಚರ್ಮದೊಳಗೆ ಅಪ್ಪ ಎಲ್ಲಿ ಅಡಗಿ ಕೂತಿದ್ದನೋ. ಹನಿ ನೀರಿನ ಮೇಲೆ ಎದ್ದು ಬಂದ ಆ ಮಧ್ಯಾಹ್ನ ಮೈ ಜುಮ್ಮೆಂದಿತ್ತಲ್ಲ, ಮತ್ತೆ ಹಾಗೇ ಆಯಿತು.

ಅವ್ವ ನನ್ನ ಕೈ ಹಿಡಿದಳು. ದೇವರ ಜಗಲಿಯ ಎದುರಿಗೇ, ಇನ್ನೂ ಏರಿಸದ ದವನದ ಎದುರಿಗೇ, ನನ್ನ ಮುಂಗೈಯನ್ನು ಮುಖಕ್ಕೆ ಒತ್ತಿಕೊಂಡು ಉಸಿರು ಎಳೆದುಕೊಂಡಳು. ಅವಳ ಮೂಗು ಬಿಸಿಯಾಗಿತ್ತು, ಆಮೇಲೆ ಒದ್ದೆಯಾಯಿತು. ಎಷ್ಟೋ ಹೊತ್ತು ನಾನು ಕೈ ಅಲುಗಿಸಲಿಲ್ಲ. ಕೊನೆಗೆ ಅವಳು ಶೀಸೆಯ ತಳದಲ್ಲಿ ಉಳಿದದ್ದಕ್ಕೆ ಕಡ್ಡಿ ಅದ್ದಿ ದೇವರ ಪಾದಕ್ಕೆ ಮುಟ್ಟಿಸಿ, ದವನ ಏರಿಸಿ, ಕಾಯಿ ಒಡೆದಳು.

ಊಟದ ಹೊತ್ತಿಗೆ ನಾನು ಬಚ್ಚಲ ಕಡೆಗೆ ಹೊರಟೆ. ಅವ್ವ ಒಳಗಿನಿಂದಲೇ ಕೂಗಿದಳು.

"ಇವತ್ತೊಂದಿನ ಕೈ ತೊಳ್ಕೊಬ್ಯಾಡ."

ತಟ್ಟೆ ತಂದು ನನ್ನ ಎದುರಿಗೆ ಕೂತಳು. ಸೆಟೆದ ಬೆರಳುಗಳಲ್ಲೇ ಹೋಳಿಗೆ ಮುರಿದು ತುಪ್ಪಕ್ಕೆ ಅದ್ದಿದಳು. ನನ್ನ ಮಕ್ಕಳು ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ನನಗೆ ತುತ್ತು ಮಾಡಿ ಉಣ್ಣಿಸಿದಳು.